ಕ್ಯಾಪ್ ಮೂರನೇ ಸಲ ಕಳಚಿ ಬಂತು. ಹಲ್ಲಿಗೆ ಸಿಮೆಂಟ್ ಹಿಡಿಯುವುದಾದರೂ ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ಎರಡು ವರ್ಷದ ಹಿಂದೆ ರೂಟ್ ಕೆನಾಲ್ ಆಗಿ ಮೇಲೆ ಮೆಟಲ್ ಕ್ಯಾಪ್ ಹಾಕಿದ್ದರು. ಅದು ಇಲ್ಲಿಯವರೆಗೆ ಮೂರು ಸಲ ಕಳಚಿ ಬಂದಿದೆ. ಮೊದಲ ಸಲ ಎಂಟು ತಿಂಗಳು ನಿಂತಿತ್ತು, ಎರಡನೇ ಸಲ ಐದು ತಿಂಗಳು. ಈಗ ಹೋದ ಭಾನುವಾರ ಕಡಲೆ ಚಿಕ್ಕಿ ತಿನ್ನುವಾಗ ಚಿಕ್ಕಿ ಜೊತೆ ಕ್ಯಾಪೂ ಬಂತು. ಪುಣ್ಯಕ್ಕೆ ನುಂಗಲಿಲ್ಲ.

ಕ್ಯಾಪನ್ನು ತೊಳೆದು ಸಣ್ಣ ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಟಾರ್ಚ್ ಹಿಡಿದು ಒಳಗೆ ನೋಡಿದೆ. ಸುತ್ತಲೂ ಬಿಳಿ ಪದರ ಗಟ್ಟಿಯಾಗಿ ಕೂತಿದೆ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಅಮ್ಮನ ಹಲ್ಲಿನ ಮೇಲೆ ಮಾತ್ರ ಏನೂ ಇಲ್ಲ, ಬೋಳು.

ಪಕ್ಕದ ಮನೆಯವರು ಅಂಗಡಿಯಲ್ಲಿ ಸಿಗುವ ಕ್ವಿಕ್ ಗಮ್ ಹಾಕಿ ಕೂರಿಸಿಬಿಡಿ ಅನ್ನುತ್ತಿದ್ದಾರೆ. ನನಗೆ ಧೈರ್ಯ ಬರಲಿಲ್ಲ. ಈ ಸಿಮೆಂಟ್ ಅನ್ನುವುದು ನಿಜಕ್ಕೂ ಅಂಟಾ? ಕ್ಯಾಪಿಗೆ ಇಷ್ಟು ಗಟ್ಟಿಯಾಗಿ ಹಿಡಿದದ್ದು ಹಲ್ಲಿಗೆ ಯಾಕೆ ಹಿಡಿಯಲಿಲ್ಲ? ನಾಲ್ಕನೇ ಸಲ ಹಾಕಿಸಿದರೆ ನಿಲ್ಲುತ್ತದೆಯಾ?

ಡಾಕ್ಟ್ರಮ್ಮ

ಕ್ವಿಕ್ ಗಮ್ ದಯವಿಟ್ಟು ಬೇಡ. ಆ ಅಂಟು ನೀರಿನ ಪಸೆ ತಾಗಿದ ಕೂಡಲೇ ಬಿಗಿಯುತ್ತದೆ. ಬಾಯಲ್ಲಿ ಪಸೆಗೆ ಕೊರತೆಯೇ ಇಲ್ಲ. ಕ್ಯಾಪ್ ಪೂರ್ತಿ ಕೂರುವ ಮೊದಲೇ ಅರ್ಧ ದಾರಿಯಲ್ಲಿ ಹಿಡಿದುಕೊಂಡರೆ ಆ ಹಲ್ಲೊಂದೇ ಎತ್ತರವಾಗಿ, ಕಚ್ಚುವ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ವಸಡು ಸುಡುತ್ತದೆ. ಆಮೇಲೆ ನಾವು ಕ್ಯಾಪನ್ನು ಕೊಯ್ದೇ ತೆಗೆಯಬೇಕು. ಡಬ್ಬಿಯಲ್ಲಿ ಇಟ್ಟು ಸುಮ್ನೆ ಇದ್ದದ್ದು ಒಳ್ಳೆಯದಾಯಿತು.

ನಾನು 22 ವರ್ಷದಿಂದ ಹಲ್ಲಿನ ಡಾಕ್ಟರು. ಕಳಚಿದ ಕ್ಯಾಪ್ ಕೈಗೆ ಬಂದಾಗ ನಾನೂ ಮೊದಲು ಮಾಡುವುದು ನೀವು ಮಾಡಿದ್ದನ್ನೇ, ಒಳಗೆ ನೋಡುವುದು. ಸಿಮೆಂಟ್ ಹಲ್ಲಿನ ಮೇಲೆ ಉಳಿದಿದ್ದರೆ ಕ್ಯಾಪಿನ ಕಡೆ ಕೈಬಿಟ್ಟಿದೆ ಅಂತ ಅರ್ಥ. ಕ್ಯಾಪಿನಲ್ಲಿ ಉಳಿದಿದ್ದರೆ ಹಲ್ಲಿನ ಕಡೆ ಬಿಟ್ಟಿದೆ. ಕ್ಯಾಪ್ ಒಳಗೆ ಹಲ್ಲಿನ ಚೂರೇ ಬಂದಿದ್ದರೆ ಸಿಮೆಂಟ್ ಗಟ್ಟಿಯಾಗಿತ್ತು, ಹಲ್ಲೇ ಮುರಿಯಿತು. ನಿಮ್ಮದು ಎರಡನೇ ಜಾತಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಿಮೆಂಟ್ ಅಂಟಾ? ಎಲ್ಲ ಸಿಮೆಂಟೂ ಅಂಟಲ್ಲ. 1870ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಜಿಂಕ್ ಫಾಸ್ಫೇಟ್ ಸಿಮೆಂಟ್ ಹಲ್ಲಿಗೆ ಅಂಟುವುದೇ ಇಲ್ಲ. ಹಾಗಿದ್ದೂ ಅದರಲ್ಲಿ ಕೂರಿಸಿದ ಕ್ಯಾಪ್ ಮೂವತ್ತು ವರ್ಷ ಅಲ್ಲಾಡದೆ ಇದ್ದದ್ದನ್ನು ನಾನೇ ನೋಡಿದ್ದೇನೆ. ಹೇಗೆ ಅಂದರೆ, ಮದುವೆ ಮನೆಯಲ್ಲಿ ಸ್ಟೀಲ್ ಲೋಟಗಳನ್ನು ಒಂದರೊಳಗೆ ಒಂದು ಜೋಡಿಸಿಟ್ಟಾಗ ಎರಡು ಕಚ್ಚಿಕೊಂಡು ಬಿಡುತ್ತವೆ ಅಲ್ವಾ? ಎಷ್ಟು ಎಳೆದರೂ ಬರುವುದಿಲ್ಲ. ಅಲ್ಲಿ ಯಾವ ಅಂಟೂ ಇಲ್ಲ. ಗೋಡೆಗಳು ಹೆಚ್ಚು ಕಡಿಮೆ ನೇರವಾಗಿವೆ, ಉದ್ದವಾಗಿವೆ, ಅಷ್ಟೇ. ಅದೇ ಅಗಲ ಬಾಯಿಯ ಬಟ್ಟಲುಗಳನ್ನು ಜೋಡಿಸಿ ನೋಡಿ, ಸಲೀಸಾಗಿ ಬರುತ್ತವೆ.

ಕ್ಯಾಪ್ ಹಾಕಲು ನಾವು ಹಲ್ಲನ್ನು ಸುತ್ತಲೂ ಅರೆದು ಸಣ್ಣದು ಮಾಡುತ್ತೇವೆ. ಅರೆದ ಹಲ್ಲು ಲೋಟದ ಹಾಗಿರಬೇಕು, ಬಟ್ಟಲಿನ ಹಾಗಲ್ಲ. ದವಡೆ ಹಲ್ಲಿನಲ್ಲಿ ಕಡಿಮೆ ಅಂದರೂ 4 ಮಿಲಿಮೀಟರ್ ಎತ್ತರ ಉಳಿಯಬೇಕು. ಸಿಮೆಂಟಿನ ಕೆಲಸ ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದು ತುಂಬುವುದು. ಕೂರಿಸುವ ಸಿಮೆಂಟಿನ ಪದರ 25 ಮೈಕ್ರಾನ್ ಮೀರಬಾರದು ಅಂತ ಮಾನದಂಡ ಇದೆ, ನಮ್ಮ ತಲೆಗೂದಲಿಗಿಂತ ತೆಳು. ಎರಡೂ ಕಡೆಯ ಸಣ್ಣ ಸಣ್ಣ ಒರಟಿಗೆ ಇಳಿದು ಗಟ್ಟಿಯಾದ ಸಿಮೆಂಟು ಬಾಗಿಲಿನ ಅಗುಳಿಯ ಹಾಗೆ ತಡೆಯುತ್ತದೆ.

ಇಂಥ ಸಿಮೆಂಟು ಅದುಮುವ ಬಲಕ್ಕೆ ಬಹಳ ಗಟ್ಟಿ, ಎಳೆಯುವ ಬಲಕ್ಕೆ ದುರ್ಬಲ. ರೊಟ್ಟಿ ಅಗಿಯುವಾಗ ಅದುಮುತ್ತೇವೆ. ಚಿಕ್ಕಿಯ ಬೆಲ್ಲ ಹಿಡಿದುಕೊಂಡು ಬಾಯಿ ತೆರೆದಾಗ ನೇರ ಮೇಲಕ್ಕೆ ಎಳೆಯುತ್ತೇವೆ. ಅದಕ್ಕೇ ಕ್ಯಾಪ್ ಬರುವುದು ಹೆಚ್ಚಾಗಿ ಅಂಟಿನ ತಿಂಡಿಯ ಜೊತೆ.

ಮೂರು ಸಲ ಬಂದಿದೆ ಅಂದರೆ ನನಗೆ ಸಿಮೆಂಟಿಗಿಂತ ಹಲ್ಲಿನ ಆಕಾರದ ಮೇಲೆ ಅನುಮಾನ. ಹಲ್ಲು ಎಷ್ಟು ಎತ್ತರ ಉಳಿದಿದೆ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಗೋಡೆಗಾರ

ನಾನು ದಾವಣಗೆರೆ ಕಡೆ ಗಾರೆ ಕೆಲಸದ ಕಾಂಟ್ರಾಕ್ಟರ್. ಓದುತ್ತಿದ್ದರೆ ನಮ್ಮ ಕೆಲಸವೇ ಕಣ್ಣ ಮುಂದೆ ಬರುತ್ತಿದೆ. ನುಣುಪಾದ ಕಾಂಕ್ರೀಟ್ ಕಂಬಕ್ಕೆ ನೇರ ಗಾರೆ ಬಳಿದರೆ ನಾಲ್ಕು ದಿನಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಾಗಾಗಿ ಉಳಿ ಸುತ್ತಿಗೆಯಲ್ಲಿ ಕಚ್ಚು ಹೊಡೆಯುತ್ತೇವೆ, ಧೂಳು ಗುಡಿಸುತ್ತೇವೆ, ನೀರು ಹೊಡೆದು ಸಿಮೆಂಟ್ ಹಾಲು ಬಳಿದು ಆಮೇಲೆ ಗಾರೆ.

ಒಂದು ಅನುಮಾನ ಡಾಕ್ಟ್ರೇ. ಒಣ ಗೋಡೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ ಅಂತ ನಾವು ಗೋಡೆಯನ್ನು ತೋಯಿಸುತ್ತೇವೆ. ನನಗೆ ಫಿಲ್ಲಿಂಗ್ ಮಾಡುವಾಗ ಹತ್ತಿ ಇಟ್ಟು, ಗಾಳಿ ಹೊಡೆದು ಒಣಗಿಸಿದರು. ನಿಮ್ಮದು ಉಲ್ಟಾ ಯಾಕೆ?

ಬಿಡಿಎಸ್ ಹುಡುಗಿ

ಅಣ್ಣಾ, ಎಷ್ಟು ಒಳ್ಳೆಯ ಪ್ರಶ್ನೆ! ನಾನು ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಅರ್ಧ ಉತ್ತರ ನಾನು ಹೇಳುತ್ತೇನೆ, ಇನ್ನರ್ಧ ಮೇಡಂ ಹೇಳಲಿ.

ಹಲ್ಲಿನಲ್ಲಿ ನೀವು ಕಾಣುವ ಹೊರಗಿನ ಬಿಳಿ ಪದರ ಎನಾಮೆಲ್. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಬರೀ ಖನಿಜ. ಹೆಚ್ಚು ಕಡಿಮೆ ಕಲ್ಲು. ಅದರ ಕೆಳಗಿನದು ಡೆಂಟಿನ್, ಸ್ವಲ್ಪ ಹಳದಿ. ಅದರಲ್ಲಿ ಖನಿಜ ಸುಮಾರು 70 ಪಾಲು, 20 ಪಾಲು ಕೊಲಾಜನ್ ಎಂಬ ನಾರು ಮತ್ತು ಇತರ ಜೈವಿಕ ಅಂಶ, 10 ಪಾಲು ನೀರು. ಒಂದೇ ಹಲ್ಲು, ಆದರೆ ಅಂಟಿಸುವವರ ಪಾಲಿಗೆ ಎರಡು ಬೇರೆ ಬೇರೆ ಗೋಡೆ.

ಎನಾಮೆಲ್ ಗೋಡೆಗೆ ಕಚ್ಚು ಹೊಡೆಯುವ ಉಪಾಯ ಕಂಡುಕೊಂಡವರು ಅಮೆರಿಕದ ಮೈಕಲ್ ಬುವೊನೊಕೋರ್. ನ್ಯೂಯಾರ್ಕ್ ರಾಜ್ಯದ ರೊಚೆಸ್ಟರ್‌ನಲ್ಲಿದ್ದರು. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಅದನ್ನೇ ಹಲ್ಲಿಗೆ ಹಚ್ಚಿ ನೋಡಿದರು. ಶೇ. 85ರ ಆಮ್ಲ, 30 ಸೆಕೆಂಡ್. 1955ರಲ್ಲಿ ಪ್ರಕಟಿಸಿದರು. ಇವತ್ತು ನಾವು ಬಳಸುವುದು ಶೇ. 35ರಿಂದ 37ರ ಜೆಲ್, 15ರಿಂದ 30 ಸೆಕೆಂಡ್. ನಿಮ್ಮ ಹಲ್ಲಿಗೆ ಸಿರಿಂಜಿನಿಂದ ನೀಲಿ ಜೆಲ್ ಹಾಕಿದ್ದು ನೆನಪಿದ್ದರೆ, ಒಂದು ಹನಿ ನಾಲಿಗೆಗೆ ತಾಗಿ ಹುಳಿ ಅನಿಸಿದ್ದರೆ, ಅದೇ ಅದು.

ಆ ಆಮ್ಲ ಮೇಲಿನ ಸುಮಾರು 10 ಮೈಕ್ರಾನ್ ಎನಾಮೆಲ್ ಕರಗಿಸಿ, ಅದರ ಕೆಳಗೆ ಲೆಕ್ಕವಿಲ್ಲದಷ್ಟು ಸಣ್ಣ ತೂತು ಮಾಡುತ್ತದೆ. ತೊಳೆದು ಗಾಳಿ ಹೊಡೆದರೆ ಹೊಳೆಯುತ್ತಿದ್ದ ಹಲ್ಲು ಸೀಮೆಸುಣ್ಣದ ಹಾಗೆ ಮಂಕು ಬಿಳಿ ಆಗುತ್ತದೆ. ಮೊದಲ ಸಲ ನನ್ನ ಕೈಯಾರೆ ಅದನ್ನು ಮಾಡಿದಾಗ ನಾನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಆಮೇಲೆ ರೆಸಿನ್ ಎಂಬ ಪ್ಲಾಸ್ಟಿಕ್ ಜಾತಿಯ, ನೀರಿನಂಥ ದ್ರವ ಬಳಿದರೆ ಅದು ತೂತಿನೊಳಗೆ ಇಳಿದು, ನೀಲಿ ಬೆಳಕು ಬಿದ್ದ ಮೇಲೆ ಗಟ್ಟಿಯಾಗಿ ಬೇರಿನ ಹಾಗೆ ಕೂರುತ್ತದೆ. ಎನಾಮೆಲ್‌ಗೆ ಒಣಗಿಸುವುದೇ ಸರಿ, ತೂತಿನಲ್ಲಿ ನೀರು ನಿಂತಿದ್ದರೆ ರೆಸಿನ್‌ಗೆ ಜಾಗ ಎಲ್ಲಿ?

ಗೋಡೆಗಾರ

ಅಂದರೆ ಉಳಿ ಸುತ್ತಿಗೆ ಕೆಲಸ ಆಮ್ಲ ಮಾಡುತ್ತದೆ. ಸರಿ, ಅರ್ಥವಾಯಿತು. ಹಳದಿ ಗೋಡೆ ಕಥೆ?

ಡಾಕ್ಟ್ರಮ್ಮ

ಹಳದಿ ಗೋಡೆಗೆ ನಿಮ್ಮ ಪದ್ಧತಿಯೇ ಸರಿ ಅಂತ ನಮ್ಮವರಿಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಡೆಂಟಿನ್ ಜೀವ ಇರುವ ಜಾಗ. ಹಲ್ಲಿನ ನರದಿಂದ ಹೊರಗೆ ಸಣ್ಣ ಸಣ್ಣ ಕೊಳವೆಗಳು ಹೊರಟಿರುತ್ತವೆ. ನರದ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 45,000, ಹೊರಗಡೆ ಸುಮಾರು 20,000. ಒಳಗೆ ನೀರು ತುಂಬಿರುತ್ತದೆ. ತಣ್ಣನೆಯದು ಕುಡಿದಾಗ ಜುಮ್ ಅನ್ನುವುದು ಈ ನೀರು ಅಲುಗಾಡುವುದರಿಂದ. ಇಲ್ಲಿ ಎಷ್ಟು ಒರೆಸಿದರೂ ಒಳಗಿನಿಂದ ಪಸೆ ಬರುತ್ತಲೇ ಇರುತ್ತದೆ.

ಇಂಥ ಜಾಗಕ್ಕೆ ಆಮ್ಲ ಹಚ್ಚಿದರೆ ಮೇಲಿನ ಕೆಲವೇ ಮೈಕ್ರಾನ್‌ನಷ್ಟು ಖನಿಜ ಕರಗಿ ಕೊಲಾಜನ್ ನಾರಿನ ಬಲೆ ಬಯಲಾಗುತ್ತದೆ. ಆ ಬಲೆಯನ್ನು ಹೀರೆಕಾಯಿ ನಾರು ಅಂದುಕೊಳ್ಳಿ, ಮೈ ಉಜ್ಜಲು ಬಚ್ಚಲಲ್ಲಿ ಇಡುತ್ತೇವಲ್ಲ ಅದು. ನೀರಲ್ಲಿದ್ದರೆ ಉಬ್ಬಿ, ಎಳೆ ಎಳೆ ಬಿಡಿಸಿಕೊಂಡು ಮೆತ್ತಗಿರುತ್ತದೆ. ಒಣಗಿದರೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎನಾಮೆಲ್‌ಗೆ ಹೊಡೆದ ಹಾಗೆ ಇಲ್ಲೂ ಗಾಳಿ ಹೊಡೆದರೆ ಬಲೆ ಕುಸಿಯುತ್ತದೆ. ರೆಸಿನ್ ಒಳಗೆ ಇಳಿಯುವುದಿಲ್ಲ, ಮೇಲೆ ಕೂರುತ್ತದೆ. ಫಿಲ್ಲಿಂಗ್ ಆದ ಮೇಲೆ ತಿಂಗಳುಗಟ್ಟಲೆ ಜುಮ್ ಅನ್ನುತ್ತದೆ ಅಂತ ಬರುವವರಲ್ಲಿ ಕೆಲವರ ಕಥೆ ಇದೇ.

ಆಮ್ಲ ಹಚ್ಚಿದ ಡೆಂಟಿನ್ ತೇವವಾಗಿಯೇ ಇರಲಿ ಅನ್ನುವುದು ಬಳಕೆಗೆ ಬಂದದ್ದು 1990ರ ದಶಕದ ಮೊದಲಲ್ಲಿ, ಅಮೆರಿಕದ ಜಾನ್ ಕಾಂಕಾ ಮುಂತಾದವರಿಂದ. ಅದಕ್ಕೂ ಮೊದಲೇ, 1982ರಲ್ಲಿ, ಜಪಾನಿನ ನೊಬುಒ ನಕಬಯಾಶಿ ಈ ನಾರಿನ ಬಲೆಯೊಳಗೆ ರೆಸಿನ್ ಇಳಿದು ಎರಡೂ ಸೇರಿ ಹೊಸದೊಂದು ಪದರ ಆಗುತ್ತದೆ ಅಂತ ತೋರಿಸಿದ್ದರು. ಅದಕ್ಕೆ ಹೈಬ್ರಿಡ್ ಪದರ ಅಂತ ಹೆಸರು. ಅದು ಪೂರ್ತಿ ಹಲ್ಲೂ ಅಲ್ಲ, ಪೂರ್ತಿ ರೆಸಿನ್ನೂ ಅಲ್ಲ. ಕೆಲವೇ ಮೈಕ್ರಾನ್ ದಪ್ಪ. ಇವತ್ತಿನ ಹಲ್ಲಿನ ಬಣ್ಣದ ಫಿಲ್ಲಿಂಗ್ ಡೆಂಟಿನ್‌ಗೆ ಹಿಡಿದುಕೊಂಡಿರುವುದು ಹೆಚ್ಚಾಗಿ ಈ ಪದರದ ಮೇಲೆ.

ಇನ್ನು ನೀವು ಹೇಳಿದ ಧೂಳು. ಡ್ರಿಲ್ ಹೊಡೆದಾಗ ಹಲ್ಲಿನ ಮೇಲೆ ಒಂದೆರಡು ಮೈಕ್ರಾನ್ ಪುಡಿಯ ಲೇಪ ಕೂರುತ್ತದೆ. ನೀರು ಹೊಡೆದರೆ ಹೋಗುವುದಿಲ್ಲ. ಆಮ್ಲ ಹಚ್ಚಿ ತೊಳೆದಾಗ ಹೋಗುತ್ತದೆ. ಸೆಲ್ಫ್ ಎಚ್ ಅನ್ನುವ ಇನ್ನೊಂದು ಜಾತಿಯ ಬಾಂಡ್, ಅಂದರೆ ಅಂಟಿಸುವ ದ್ರವ, ಇದೆ. ಅದರಲ್ಲೇ ಮೃದುವಾದ ಆಮ್ಲ ಇರುತ್ತದೆ, ತೊಳೆಯುವುದಿಲ್ಲ, ಪುಡಿಯನ್ನು ಕರಗಿಸಿ ತನ್ನೊಳಗೆ ಸೇರಿಸಿಕೊಂಡು ಇಳಿಯುತ್ತದೆ. ಒಣಗಿಸುವಾಗ ಜಾಸ್ತಿ ಕಡಿಮೆ ಆಯಿತೇ ಅನ್ನುವ ತಾಪತ್ರಯ ಇಲ್ಲ. ಆದರೆ ಎನಾಮೆಲ್ ಮೇಲೆ ಅದರ ಕಚ್ಚು ಆಳವಿರುವುದಿಲ್ಲ. ನಾನಂತೂ ಎನಾಮೆಲ್ ಅಂಚಿಗೆ ಮಾತ್ರ ನೀಲಿ ಜೆಲ್ ಹಾಕಿ, ಒಳಗಿನ ಡೆಂಟಿನ್‌ಗೆ ಸೆಲ್ಫ್ ಎಚ್ ಬಳಸುತ್ತೇನೆ.

ಪಾವಗಡದವನು

ಮೇಡಂ, ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯ ನಿಮಗೆ ಗೊತ್ತೇ ಇರುತ್ತದೆ. ನನ್ನ ಮಗಳ ಹಲ್ಲಿನ ಮೇಲೆ ಕಂದು ಕಲೆ. ಈಗ ಹಲ್ಲು ನೇರ ಮಾಡಲು ಕ್ಲಿಪ್ ಹಾಕಿಸುತ್ತಿದ್ದೇವೆ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಆರು ತಿಂಗಳಲ್ಲಿ ಐದು ಸಲ ಉದುರಿದೆ. ಪ್ರತಿ ಸಲ ತುಮಕೂರಿಗೆ ಬಸ್ಸು. ನೀನೇ ಗಟ್ಟಿ ಪದಾರ್ಥ ಕಡಿದಿದ್ದೀಯ ಅಂತ ಮಗಳಿಗೆ ಬೈದಿದ್ದೇನೆ. ತಪ್ಪು ಅವಳದಾ, ಹಲ್ಲಿನದಾ?

ಡಾಕ್ಟ್ರಮ್ಮ

ಮಗಳಿಗೆ ಬೈಯಬೇಡಿ. ಹಲ್ಲಿನದೇ ಇರಬಹುದು.

ಫ್ಲೋರೈಡ್ ಜಾಸ್ತಿಯಾದ ಎನಾಮೆಲ್‌ನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಮಾಮೂಲಿ ಹಲ್ಲಿಗೆ 15 ಸೆಕೆಂಡ್ ಜೆಲ್ ಸಾಕಾದರೆ ಇಲ್ಲಿ ಅಷ್ಟರಲ್ಲಿ ಕಚ್ಚೇ ಬಿದ್ದಿರುವುದಿಲ್ಲ. ತೊಳೆದು ಒಣಗಿಸಿದಾಗ ಆ ಹುಡುಗಿ ಹೇಳಿದಳಲ್ಲ, ಸೀಮೆಸುಣ್ಣದ ಬಿಳಿ, ಅದು ಕಾಣುವುದಿಲ್ಲ. ಹಲ್ಲು ಇನ್ನೂ ಹೊಳೆಯುತ್ತಿರುತ್ತದೆ. ಆಗ ಬ್ರಾಕೆಟ್ ಕೂರಿಸಿದರೆ ಕೆಸುವಿನ ಎಲೆಯ ಮೇಲೆ ನೀರು ನಿಲ್ಲಿಸಿದ ಹಾಗೆ. ಆಮ್ಲವನ್ನು ಇನ್ನೂ ಹೊತ್ತು ಬಿಡಬೇಕು, ಒಂದು ನಿಮಿಷ, ಕೆಲವು ಹಲ್ಲಿಗೆ ಅದಕ್ಕಿಂತ ಜಾಸ್ತಿ. ಇಲ್ಲವೇ ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜಿ ಆಮೇಲೆ ಆಮ್ಲ ಹಚ್ಚಬೇಕು. ಮುಂದಿನ ಸಲ ಹೋದಾಗ ಡಾಕ್ಟರಿಗೆ ಹುಟ್ಟಿ ಬೆಳೆದ ಊರು ಯಾವುದು ಅಂತ ಹೇಳಿ. ನಮ್ಮ ರಾಜ್ಯದಲ್ಲಿ ಕೋಲಾರ, ಪಾವಗಡ, ಮುಂಡರಗಿ ಕಡೆಯಿಂದ ಬಂದವರಿಗೆ ನಾನು ಮೊದಲು ಕುಡಿಯುವ ನೀರಿನ ವಿಚಾರವೇ ಕೇಳುವುದು.

ಇನ್ನೊಂದು ಮಾತು. ಬ್ರಾಕೆಟ್ ತೀರಾ ಗಟ್ಟಿಯಾಗಿ ಹಿಡಿಯುವುದೂ ಬೇಡ. ಒಂದೂವರೆ ಎರಡು ವರ್ಷಕ್ಕೆ ಅದನ್ನು ಕೀಳಬೇಕು, ಆಗ ಎನಾಮೆಲ್ ಚೂರು ಕಿತ್ತುಕೊಂಡು ಬರಬಾರದು. ಸುಮಾರು 6ರಿಂದ 8 ಮೆಗಾಪಾಸ್ಕಲ್ ಹಿಡಿತ ಇದ್ದರೆ ಸಾಕು ಅಂತ ಲೆಕ್ಕ. ಫಿಲ್ಲಿಂಗಿಗೆ ಎನಾಮೆಲ್ ಮೇಲೆ ಅದರ ಎರಡು ಮೂರು ಪಟ್ಟು ಸಿಗುತ್ತದೆ.

ಕರಾವಳಿ ಅಕ್ಕ

ಮಧ್ಯೆ ಒಂದು ಸಣ್ಣ ಪ್ರಶ್ನೆ. ಹಲ್ಲು ನೋವಿಗೆ ನಮ್ಮ ಅತ್ತೆ ಲವಂಗದ ಎಣ್ಣೆ ಹತ್ತಿ ಇಡುತ್ತಾರೆ. ಮಾರನೆಯ ದಿನ ಫಿಲ್ಲಿಂಗಿಗೆ ಹೋದರೆ ಡಾಕ್ಟರು ಎಣ್ಣೆ ಹಾಕಿದ್ದೀರಾ ಅಂತ ಗದರಿದರಂತೆ. ಯಾಕೆ?

ಬಿಡಿಎಸ್ ಹುಡುಗಿ

ಅಕ್ಕಾ, ಲವಂಗದ ಎಣ್ಣೆಯಲ್ಲಿ ಇರುವ ಯೂಜಿನಾಲ್ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ರೆಸಿನ್ ಗಟ್ಟಿಯಾಗುವುದು ಅಂದರೆ ಒಂದು ಕಣ ಇನ್ನೊಂದರ ಕೈ ಹಿಡಿಯುತ್ತಾ ಸರಪಳಿ ಬೆಳೆಯುವುದು. ಯೂಜಿನಾಲ್ ಆ ಸರಪಳಿಯನ್ನು ನಡುವೆಯೇ ನಿಲ್ಲಿಸುತ್ತದೆ. ಜಿಂಕ್ ಆಕ್ಸೈಡ್ ಜೊತೆ ಅದೇ ಎಣ್ಣೆ ಕಲಸಿ ತಾತ್ಕಾಲಿಕ ಸಿಮೆಂಟ್ ಮಾಡುತ್ತೇವೆ, ಕ್ಲಿನಿಕ್ಕಿನಲ್ಲಿ ಬರುವ ಆ ವಾಸನೆ ಅದರದೇ. ನೋವಿಗೆ ಇಟ್ಟುಕೊಳ್ಳಲಿ, ತೊಂದರೆ ಇಲ್ಲ. ಹೋದ ಕೂಡಲೇ ಹೇಳಿಬಿಟ್ಟರೆ ಚೆನ್ನಾಗಿ ತೊಳೆದು ಶುರು ಮಾಡುತ್ತಾರೆ. ಹಲ್ಲು ಬಿಳಿ ಮಾಡಿಸಿಕೊಂಡವರೂ ಹೇಳಬೇಕು. ಬ್ಲೀಚ್‌ನ ಆಮ್ಲಜನಕ ಹಲ್ಲಿನಲ್ಲಿ ಉಳಿದಿರುತ್ತದೆ, ಒಂದೆರಡು ವಾರ ಬಿಟ್ಟು ಅಂಟಿಸುವುದು ಒಳ್ಳೆಯದು.

ಎಂಡಿಎಸ್ ಬೆಳಗಾವಿ

ತುಂಗಾತೀರ ಅವರೇ, ಇಷ್ಟೆಲ್ಲ ಯಾಕೆ? ರೆಸಿನ್ ಸಿಮೆಂಟ್ ಹಾಕಿಸಿ. ಜಿಂಕ್ ಫಾಸ್ಫೇಟ್ ಕಾಲ ಮುಗಿಯಿತು. ಅದು ಹಲ್ಲಿಗೆ ಅಂಟುವುದಿಲ್ಲ ಅಂತ ಮೇಡಂ ಅವರೇ ಹೇಳಿದ್ದಾರೆ. ಅಂಟುವ ಸಿಮೆಂಟ್ ಇರುವಾಗ ಅಂಟದ್ದನ್ನು ಯಾಕೆ ಹಾಕಬೇಕು?

ಡಾಕ್ಟ್ರಮ್ಮ

ಡಾಕ್ಟ್ರೇ, ಇಲ್ಲಿ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ರೆಸಿನ್ ಸಿಮೆಂಟ್ ಗಟ್ಟಿ ಹೌದು, ಆದರೆ ಅದರ ಗಟ್ಟಿತನ ಒಣ ಜಾಗದಲ್ಲಿ ಮಾತ್ರ. ಇವರ ಅಮ್ಮನದು ಕೆಳಗಿನ ದವಡೆ. ನಾಲಿಗೆ ಪಕ್ಕದಲ್ಲೇ, ಜೊಲ್ಲಿನ ಗ್ರಂಥಿ ಕೆಳಗೇ. ಕ್ಯಾಪಿನ ಅಂಚು ವಸಡಿನ ಒಳಗೆ ಇಳಿದಿದ್ದರೆ ರಕ್ತವೂ ಇರುತ್ತದೆ. ಆಮ್ಲ ಹಚ್ಚಿದ ಹಲ್ಲಿಗೆ ಒಂದು ಕ್ಷಣ ಜೊಲ್ಲು ತಾಗಿದರೂ ಮೇಲೆ ಪ್ರೋಟೀನ್ ಪೊರೆ ಕೂರುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಜೊಲ್ಲು ತಡೆಯುವ ರಬ್ಬರ್ ಹಾಳೆ, ರಬ್ಬರ್ ಡ್ಯಾಮ್, ಎಷ್ಟು ಕ್ಲಿನಿಕ್‌ಗಳಲ್ಲಿ ಹಾಕುತ್ತಾರೆ, ನೀವೇ ಹೇಳಿ. ಹಲ್ಲಿಗೆ ಎತ್ತರ ಇದ್ದು, ಗೋಡೆ ನೇರ ಇದ್ದರೆ ಮೆಟಲ್ ಕ್ಯಾಪಿಗೆ ಹಳೇ ಸಿಮೆಂಟೇ ಸಾಕು. ಜಿಂಕ್ ಫಾಸ್ಫೇಟನ್ನು ತಣ್ಣನೆಯ ಗಾಜಿನ ಮೇಲೆ ಸ್ವಲ್ಪ ಸ್ವಲ್ಪ ಪುಡಿ ಎಳೆದುಕೊಂಡು, ಅಗಲವಾಗಿ ಹರಡಿ, ಒಂದೂವರೆ ನಿಮಿಷ ತಾಳ್ಮೆಯಿಂದ ಕಲಸಿದರೆ ಅದಕ್ಕೆ ಅದೇ ಸಾಟಿ. ಆತುರಪಟ್ಟರೆ ಬಿಸಿಯಾಗಿ ಗಾಜಿನ ಮೇಲೆಯೇ ಬಿಗಿದುಬಿಡುತ್ತದೆ.

ಎಂಡಿಎಸ್ ಬೆಳಗಾವಿ

ಜೊಲ್ಲಿನ ಮಾತು ಒಪ್ಪಿದೆ ಮೇಡಂ. ಆದರೆ ಹಲ್ಲು ಗಿಡ್ಡ ಇದ್ದಾಗ ಲೋಟದ ಹಿಡಿತ ಸಿಗುವುದಿಲ್ಲ ಅಲ್ವಾ? ಆಗ ಅಂಟಿನ ಹಿಡಿತವೇ ಗತಿ. ಅಂಥ ಹಲ್ಲುಗಳಲ್ಲಿ ಜಿಂಕ್ ಫಾಸ್ಫೇಟ್ ಬಿಟ್ಟುಕೊಟ್ಟಾಗ ರೆಸಿನ್ ಕಾಪಾಡಿದ್ದನ್ನು ನಾನು ನೋಡಿದ್ದೇನೆ.

ರೆಸಿನ್ ವಿಷಯದಲ್ಲಿ ನನಗೂ ಒಂದು ಚಿಂತೆ ಇದೆ, ಅದನ್ನೂ ಹೇಳುತ್ತೇನೆ. ಇವತ್ತು ಅಂಟಿಸಿದ ಹಿಡಿತ ಐದು ವರ್ಷದ ಮೇಲೆ ಅಷ್ಟೇ ಇರುವುದಿಲ್ಲ. ನಾರಿನ ಬಲೆಯೊಳಗೆ ರೆಸಿನ್ ಇಳಿಯದೆ ಬಿಟ್ಟ ಜಾಗ ಇದ್ದರೆ ಅಲ್ಲಿ ನೀರು ಸೇರುತ್ತದೆ. ಡೆಂಟಿನ್‌ನಲ್ಲೇ ಇರುವ ಕೆಲವು ಕಿಣ್ವಗಳು ಆಮ್ಲ ತಾಗಿದಾಗ ಎಚ್ಚರಗೊಂಡು ಆ ಬೋಳು ನಾರನ್ನು ನಿಧಾನವಾಗಿ ತಿನ್ನುತ್ತವೆ. ಹಲ್ಲು ತನ್ನ ನಾರನ್ನು ತಾನೇ ತಿನ್ನುವುದು. ಅದನ್ನು ತಡೆಯಲು ಬಾಂಡ್ ಹಚ್ಚುವ ಮುಂಚೆ ನಾನು ಶೇ. 2ರ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರವ ಬಳಿಯುತ್ತೇನೆ.

ಲ್ಯಾಬ್ ಕೆಲಸದವನು

ನಾನು ಕ್ಯಾಪ್ ಮಾಡುವ ಕಡೆಯವನು. ಎಲ್ಲರೂ ಹಲ್ಲಿನ ಕಡೆ ಮಾತಾಡುತ್ತಿದ್ದೀರಿ, ಕ್ಯಾಪಿನ ಕಡೆಯೂ ಒಂದು ಗೋಡೆ ಇದೆ.

ಮೆಟಲ್ ಕ್ಯಾಪಿನ ಒಳಗೆ ನಾವು ಮರಳು ಹೊಡೆದು ಕಳಿಸುತ್ತೇವೆ, ಅಲ್ಯೂಮಿನಾ ಪುಡಿ. ಅಮ್ಮನ ಕ್ಯಾಪಿನಲ್ಲಿ ಸಿಮೆಂಟು ಹಾಗೇ ಕೂತಿರುವುದಕ್ಕೆ ಅದೂ ಕಾರಣ. ಗಾಜಿನ ಜಾತಿಯ ಸೆರಾಮಿಕ್ ಆದರೆ ಒಳಗೆ ಹೈಡ್ರೋಫ್ಲೋರಿಕ್ ಆಮ್ಲ, ಆಮೇಲೆ ಗಾಜಿಗೂ ರೆಸಿನ್‌ಗೂ ಕೊಂಡಿ ಹಾಕುವ ಸೈಲೇನ್ ದ್ರವ. ಜಿರ್ಕೋನಿಯಾಗೆ ಮಾತ್ರ ಆ ಆಮ್ಲದಿಂದ ಕಚ್ಚು ಬೀಳುವುದಿಲ್ಲ, ಅದರಲ್ಲಿ ಗಾಜೇ ಇಲ್ಲ. ಅದಕ್ಕೆ ಸಿಮೆಂಟಿಗೆ ಮುಂಚೆ ಬಳಿಯುವ ದ್ರವ, ಎಂಡಿಪಿ ಎಂಬ ಅಣು ಇರುವ ಪ್ರೈಮರ್ ಬೇಕು. ಜಪಾನಿನ ಕುರಾರೇ ಕಂಪನಿ 1981ರಲ್ಲಿ ತಯಾರಿಸಿದ ಅಣು, 1983ರಲ್ಲಿ ಪನಾವಿಯಾ ಸಿಮೆಂಟಿನಲ್ಲಿ ಬಂತು. ಅದರ ಒಂದು ತುದಿ ಜಿರ್ಕೋನಿಯಾವನ್ನೂ, ಹಲ್ಲಿನ ಕ್ಯಾಲ್ಸಿಯಮನ್ನೂ ಹಿಡಿಯುತ್ತದೆ. ಇನ್ನೊಂದು ತುದಿ ರೆಸಿನ್ ಹಿಡಿಯುತ್ತದೆ.

ಡಾಕ್ಟರುಗಳಿಗೆ ಒಂದು ಕೋರಿಕೆ. ಬಾಯಲ್ಲಿ ಅಳತೆ ನೋಡಿ ತೆಗೆದ ಜಿರ್ಕೋನಿಯಾ ಕ್ಯಾಪನ್ನು ನೀಲಿ ಜೆಲ್‌ನಲ್ಲಿ ತೊಳೆಯಬೇಡಿ. ಎಂಡಿಪಿ ಕೂರಬೇಕಾದ ಜಾಗವನ್ನು ಜೊಲ್ಲಿನ ಫಾಸ್ಫೇಟ್ ಮೊದಲೇ ಹಿಡಿದಿರುತ್ತದೆ. ಜೆಲ್ ಹಾಕಿದರೆ ಇನ್ನಷ್ಟು ಫಾಸ್ಫೇಟ್ ತಂದು ಕೂರಿಸಿದ ಹಾಗೆ. ಮತ್ತೆ ಹಗುರವಾಗಿ ಮರಳು ಹೊಡೆಯಿರಿ, ಇಲ್ಲವೇ ಅದಕ್ಕೆಂದೇ ಇರುವ ಕ್ಲೀನರ್ ಬಳಸಿ. ಕ್ಯಾಪ್ ಬಿತ್ತು, ನಿಮ್ಮ ಕೆಲಸ ಸರಿಯಿಲ್ಲ ಅಂತ ನಮಗೆ ಫೋನ್ ಬರುವುದರಲ್ಲಿ ಎಷ್ಟೋ ಇಂಥವೇ.

ಸರ್ಕಾರಿ ಶಾಲೆ ಮೇಷ್ಟ್ರು

ನಮ್ಮ ಶಾಲೆಗೆ ಕಳೆದ ವರ್ಷ ಹಲ್ಲಿನ ಕ್ಯಾಂಪ್ ಬಂದಿತ್ತು. ಕರೆಂಟ್ ಇರಲಿಲ್ಲ. ಜಗುಲಿಯ ಮೇಲೆ ಬೆಂಚು ಹಾಕಿ ಮಕ್ಕಳನ್ನು ಮಲಗಿಸಿ, ಡ್ರಿಲ್ ಇಲ್ಲದೆ ಸಣ್ಣ ಚಮಚದಂಥ ಉಪಕರಣದಲ್ಲಿ ಹುಳುಕು ಕೆರೆದು ತೆಗೆದರು. ಕಾಗದದ ಮೇಲೆ ಏನೋ ಪುಡಿ, ಎರಡು ಹನಿ ದ್ರವ ಕಲಸಿ ತುಂಬಿ ಬೆರಳಲ್ಲಿ ಒತ್ತಿದರು. ನೀಲಿ ಬೆಳಕೂ ಇಲ್ಲ, ಆಮ್ಲವೂ ಇಲ್ಲ. ಇದು ಬಿದ್ದು ಹೋಗುತ್ತದೆ ಅಂದುಕೊಂಡೆ. ಒಂದು ವರ್ಷವಾಯಿತು, ನಮ್ಮ ನಾಲ್ಕನೇ ಕ್ಲಾಸಿನ ಹುಡುಗಿಯದು ಇನ್ನೂ ಇದೆ. ಅದು ಹೇಗೆ ಹಿಡಿದಿದೆ?

ಡಾಕ್ಟ್ರಮ್ಮ

ಮೇಷ್ಟ್ರೇ, ಇದು ನನಗೆ ತುಂಬ ಪ್ರಿಯವಾದ ಸಿಮೆಂಟ್. ಗ್ಲಾಸ್ ಅಯೋನೊಮರ್. ನಾವು ಜಿಐಸಿ ಅನ್ನುತ್ತೇವೆ. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಕಂಡುಹಿಡಿದದ್ದು, 1972ರಲ್ಲಿ ಪ್ರಕಟವಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 1968ರಲ್ಲಿ, ಮ್ಯಾಂಚೆಸ್ಟರಿನ ಡೆನಿಸ್ ಸ್ಮಿತ್ ಪಾಲಿಕಾರ್ಬಾಕ್ಸಿಲೇಟ್ ಸಿಮೆಂಟ್ ತಂದಿದ್ದರು. ಹಲ್ಲಿಗೆ ರಾಸಾಯನಿಕವಾಗಿ ಅಂಟಿದ ಮೊದಲ ಸಿಮೆಂಟ್ ಅದು. ಜಿಐಸಿ ಅದೇ ದಾರಿಯಲ್ಲಿ ಮುಂದೆ ಹೋಯಿತು.

ಪುಡಿ ಅಂದರೆ ಒಂದು ಬಗೆಯ ಗಾಜು. ದ್ರವ ಪಾಲಿಅಕ್ರಿಲಿಕ್ ಆಮ್ಲ, ಉದ್ದನೆಯ ಸರಪಳಿಯ ಅಣು, ಮೈ ತುಂಬ ಕೊಕ್ಕೆಗಳು. ಆ ಕೊಕ್ಕೆಗಳಲ್ಲಿ ಕೆಲವು ಗಾಜಿನಿಂದ ಬಂದ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಹಿಡಿದು ಸಿಮೆಂಟನ್ನು ಗಟ್ಟಿ ಮಾಡುತ್ತವೆ. ಕೆಲವು ಹಲ್ಲಿನ ಕ್ಯಾಲ್ಸಿಯಮನ್ನೇ ಹೋಗಿ ಹಿಡಿಯುತ್ತವೆ. ನೀರು ಇದಕ್ಕೆ ಶತ್ರು ಅಲ್ಲ, ನೀರಿಲ್ಲದೆ ಇದು ಗಟ್ಟಿಯಾಗುವುದೇ ಇಲ್ಲ.

ನೀವು ಹತ್ತಿರ ನಿಂತು ನೋಡಿದ್ದರೆ ಒಂದು ವಿಷಯ ಗಮನಿಸಿರುತ್ತೀರಿ. ಕಲಸಿದ ಮುದ್ದೆ ತುಪ್ಪ ಸವರಿದ ಹಾಗೆ ಹೊಳೆಯುತ್ತಿರುತ್ತದೆ. ಆ ಹೊಳಪು ಇರುವಾಗಲೇ ಹಲ್ಲಿಗೆ ತುಂಬಬೇಕು. ಹೊಳಪು ಇದೆ ಅಂದರೆ ಕೊಕ್ಕೆಗಳು ಇನ್ನೂ ಖಾಲಿ ಇವೆ, ಹಲ್ಲನ್ನು ಹಿಡಿಯಬಲ್ಲವು. ಮಂಕಾದರೆ ಕೊಕ್ಕೆಗಳೆಲ್ಲ ತಮ್ಮತಮ್ಮಲ್ಲೇ ಹಿಡಿದುಕೊಂಡಿವೆ. ಆಮೇಲೆ ತುಂಬಿದರೆ ಗುಂಡಿಯಲ್ಲಿ ಕಲ್ಲು ಇಟ್ಟ ಹಾಗೆ, ಹಿಡಿತ ಇಲ್ಲ. ಕಲಸಲು ಶುರು ಮಾಡಿದಲ್ಲಿಂದ ಸುಮಾರು ಎರಡು ನಿಮಿಷ ಸಿಗುತ್ತದೆ, ಸೆಖೆ ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಡ್ರಿಲ್ ಇಲ್ಲದೆ ಹುಳುಕು ಕೆರೆದು, ಸಿಮೆಂಟ್ ತುಂಬಿ, ಬೆರಳಿಗೆ ವ್ಯಾಸಲೀನ್ ಸವರಿ ಒತ್ತುವುದು 'ಏಆರ್‌ಟಿ' ಅನ್ನುವ ಪದ್ಧತಿ. 1980ರ ದಶಕದ ನಡುವೆ ತಾಂಜಾನಿಯಾದಲ್ಲಿ, ಕರೆಂಟ್ ಇಲ್ಲದ ಹಳ್ಳಿಗಳಿಗಾಗಿ ಶುರುವಾದದ್ದು.

ಎಳೆದು ಅಳೆದರೆ ಜಿಐಸಿಯ ಹಿಡಿತ ರೆಸಿನ್‌ಗಿಂತ ಬಹಳ ಕಡಿಮೆ. ಆದರೂ ಬ್ರಷ್ ಉಜ್ಜಿ ಸವೆದ ಹಲ್ಲಿನ ಬುಡದಲ್ಲಿ ವರ್ಷಗಟ್ಟಲೆ ನಿಲ್ಲುವುದರಲ್ಲಿ ಅದು ಯಾರಿಗೂ ಕಮ್ಮಿ ಇಲ್ಲ. ಅಳತೆಯಲ್ಲಿ ಮುರಿಯುವುದು ಹೆಚ್ಚಾಗಿ ಸಿಮೆಂಟಿನ ಒಡಲೇ, ಹಲ್ಲಿಗೆ ಹಿಡಿದ ಪದರ ಹಾಗೇ ಉಳಿಯುತ್ತದೆ. ಹಾಗಾಗಿ ಅಂಕಿಯನ್ನೇ ನೋಡಿ ಸಿಮೆಂಟಿಗೆ ಬೆಲೆ ಕಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಗಿಯುವ ಭಾರ ಜಾಸ್ತಿ ಬೀಳುವ ಜಾಗದಲ್ಲಿ ಸವೆಯುತ್ತದೆ, ಅದು ಅದರ ಮಿತಿ. ಜೊತೆಗೆ ಅದರಿಂದ ಸ್ವಲ್ಪ ಸ್ವಲ್ಪವೇ ಫ್ಲೋರೈಡ್ ಹೊರಬರುತ್ತದೆ.

ಪಾವಗಡದವನು

ಫ್ಲೋರೈಡ್ ಅಂದ ಕೂಡಲೇ ಎದೆ ಧಸಕ್ ಅಂತು ಮೇಡಂ. ನಮ್ಮ ಮಕ್ಕಳಿಗೆ ಈ ಸಿಮೆಂಟ್ ಹಾಕಿಸಬಹುದಾ?

ಡಾಕ್ಟ್ರಮ್ಮ

ಧಾರಾಳವಾಗಿ. ಹಲ್ಲಿಗೆ ಕಲೆ ಬರುವುದು ಅದು ದವಡೆಯೊಳಗೆ ತಯಾರಾಗುವ ವಯಸ್ಸಿನಲ್ಲಿ, ಹುಟ್ಟಿದಂದಿನಿಂದ ಸುಮಾರು 8 ವರ್ಷದವರೆಗೆ, ದಿನಾ ಕುಡಿಯುವ ನೀರಿನಿಂದ. ಸಿಮೆಂಟಿನಿಂದ ಬರುವುದು ತೀರಾ ಅಲ್ಪ, ಆ ಹಲ್ಲಿನ ಸುತ್ತಮುತ್ತ ಮಾತ್ರ. ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಕುಡಿಯುವ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಬೇಡ.

ತುಂಗಾತೀರ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಕ್ಷಮಿಸಬೇಕು.

ಬೇರೆ ಡಾಕ್ಟರ ಹತ್ತಿರ ಹೋಗಿದ್ದೆವು. ಎಷ್ಟು ಎತ್ತರ ಉಳಿದಿದೆ ಅಂತ ಕೇಳಿದೆ. ಅವರು ಸಣ್ಣ ಸ್ಕೇಲಿನಂಥ ಕಡ್ಡಿ ಇಟ್ಟು ಅಳೆದು ತೋರಿಸಿದರು. ಒಂದು ಕಡೆ 2 ಮಿಲಿಮೀಟರ್, ಇನ್ನೊಂದು ಕಡೆ ಅದಕ್ಕೂ ಕಡಿಮೆ. ಪಕ್ಕದ ಗೋಡೆಗಳು ಇಳಿಜಾರು. ಡಾಕ್ಟ್ರಮ್ಮ ಹೇಳಿದ ಬಟ್ಟಲು ಅದೇ. ಹಳೇ ಕ್ಯಾಪ್ ಮತ್ತೆ ಕೂರಿಸಿದರೆ ಮತ್ತೆ ಬರುತ್ತದೆ ಅಂತ ನೇರವಾಗಿ ಹೇಳಿದರು. ಸುತ್ತಲೂ ವಸಡನ್ನು ಸ್ವಲ್ಪ ಕೆಳಗಿಳಿಸಿ, ಆರು ವಾರ ಮಾಯಲು ಬಿಟ್ಟು, ಹಲ್ಲಿನ ಎರಡು ಪಕ್ಕಕ್ಕೆ ಕಾಲುವೆಯ ಹಾಗೆ ಉದ್ದುದ್ದ ಗೀರು ಕೊರೆದು ಹೊಸ ಕ್ಯಾಪಿಗೆ ಅಳತೆ ತೆಗೆದುಕೊಂಡರು.

ಇವತ್ತು ಕೂರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ತಾತ್ಕಾಲಿಕ ಸಿಮೆಂಟಿನ ಚೂರುಗಳನ್ನು ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೆಗೆದರು. ಕೂರಿಸಿದ್ದಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ನಾಲಿಗೆ ಕಡೆ ಒಂದು, ಕೆನ್ನೆ ಕಡೆ ಎರಡು ಹತ್ತಿ ಸುರುಳಿ. ಹಲ್ಲನ್ನು ಹತ್ತಿಯಲ್ಲಿ ಒರೆಸಿದರು, ಗಾಳಿ ತುಂಬ ಹೊಡೆಯಲಿಲ್ಲ. ಜಿಐಸಿ ಜಾತಿಯ ಸಿಮೆಂಟ್ ಅಂತ ಹೇಳಿದರು. ಕಲಸಿದ ಮುದ್ದೆಯಲ್ಲಿ ಮೇಡಂ ಹೇಳಿದ ಹೊಳಪು ನನಗೂ ಕಾಣಿಸಿತು. ಕ್ಯಾಪಿನೊಳಗೆ ತೆಳ್ಳಗೆ ಬಳಿದು, ಕೂರಿಸಿ, ಹತ್ತಿ ಸುರುಳಿ ಇಟ್ಟು ಕಚ್ಚಿ ಹಿಡಿದುಕೊಳ್ಳಿ ಅಂದರು. ಅಮ್ಮ ಕಣ್ಣು ಮುಚ್ಚಿಕೊಂಡು ಐದು ನಿಮಿಷ ಕಚ್ಚಿಕೊಂಡೇ ಇದ್ದರು. ಹೊರಗೆ ಬಂದ ಸಿಮೆಂಟು ರಬ್ಬರಿನಂತಾದ ಮೇಲೆ ಒಂದೇ ಎಳೆತಕ್ಕೆ ಉಂಗುರದ ಹಾಗೆ ಬಿಡಿಸಿಕೊಂಡು ಬಂತು. ಹಲ್ಲಿನ ಸಂದಿಗೆ ಗಂಟು ಹಾಕಿದ ದಾರ ಹಾಕಿ ಪಕ್ಕಕ್ಕೆ ಎಳೆದು ಉಳಿದದ್ದನ್ನೂ ತೆಗೆದರು.

ಗೋಡೆಗಾರ

ಕಚ್ಚು, ಗೀರು, ಧೂಳು ತೆಗೆಯುವುದು, ಎಲ್ಲ ಸರಿಯಾಗಿದೆ. ಕ್ಯೂರಿಂಗ್ ಎಷ್ಟು ದಿನ?

ಡಾಕ್ಟ್ರಮ್ಮ

ನಿಮ್ಮ ಹಾಗೆ ವಾರಗಟ್ಟಲೆ ನೀರು ಹೊಡೆಯಬೇಕಿಲ್ಲ! ಮೊದಲ ಒಂದು ಗಂಟೆ ಏನೂ ತಿನ್ನಬಾರದು. ಮೇಲಿಂದ ಗಟ್ಟಿಯಾಗಿ ಕಂಡರೂ ಒಳಗೆ ಕೊಕ್ಕೆಗಳು ಹಿಡಿಯುತ್ತಲೇ ಇರುತ್ತವೆ, ಮೊದಲ 24 ಗಂಟೆಯಲ್ಲಿ ಬಲ ತುಂಬ ಏರುತ್ತದೆ. ಅಲ್ಲಿಯವರೆಗೆ ಆ ಕಡೆ ಗಟ್ಟಿ ಪದಾರ್ಥ, ಅಂಟಿನ ತಿಂಡಿ ಬೇಡ. ತುಂಗಾತೀರ ಅವರೇ, ಹಳೇ ಕ್ಯಾಪ್ ಡಬ್ಬಿಯಲ್ಲೇ ಇರಲಿ. ನಿಮ್ಮ ಡಾಕ್ಟರಿಗೆ ಅದರ ಒಳಗಿನ ಬಿಳಿ ಪದರ ತೋರಿಸಿದಿರಾ?

ತುಂಗಾತೀರ

ತೋರಿಸಿದೆ ಮೇಡಂ. ಕಡ್ಡಿಯಿಂದ ಕೆರೆದು ನೋಡಿದರು. ಕ್ಯಾಪಿನ ಕಡೆ ಒರಟು, ಹಲ್ಲಿನ ಕಡೆ ಗಾಜಿನಷ್ಟು ನುಣುಪು. ಹಲ್ಲನ್ನು ಅದು ಒಂದು ದಿನವೂ ಹಿಡಿದಿರಲಿಲ್ಲ ಅಂದರು.

ಅಮ್ಮ ಬಲಗಡೆಯಲ್ಲಿ ಮೊಸರನ್ನ ತಿನ್ನುತ್ತಿದ್ದಾರೆ. ನಾಳೆ ಸಂಜೆ ನಾಲ್ಕು ಗಂಟೆಗೆ 24 ಗಂಟೆ ಆಗುತ್ತದೆ.